ಯುದ್ಧನೌಕೆಗಳ ನಡುವೆ ನಮ್ಮ ಪತ್ತೆಮಾರಿ

ಕಾಸರಕೋಡ

ಪರದೇಶ ನೋಡಿ ಬಂದವರು ವಿಮಾನದ ಕಿಟಕಿಯಿಂದ ಕಥೆ ಶುರು ಮಾಡುತ್ತಾರೆ. ನಾನು ಹಂಚಿನ ರಾಶಿಯಿಂದ ಶುರು ಮಾಡಬೇಕು, ಯಾಕೆಂದರೆ ಹೋದದ್ದು ಅದರ ಮೇಲೆ ಕೂತು. ಕುಮಟೆ ಪೇಟೆಯಲ್ಲಿ ನನ್ನದು ಹಂಚು ಮತ್ತು ನಾರಿನ ಹಗ್ಗದ ದಲಾಲಿ. ಗೋವೆ ನಮ್ಮದಾದ ಮರುಬೇಸಿಗೆಯಲ್ಲಿ, ಸರಕಿನ ಜೊತೆ ಪರ್ಶಿಯನ್ ಖಾಡಿಗೆ ಹೋಗಬೇಕಿದ್ದ ನನ್ನ ಪಾಲುದಾರ ಕಾಮಾಲೆ ಹಿಡಿದು ಮಲಗಿಬಿಟ್ಟ. ಸರಕು ಆಗಲೇ ಹೊನ್ನಾವರದಲ್ಲಿ ಹಡಗು ಹತ್ತಿತ್ತು. ಯಾರು ಹೋಗುವುದು ಎಂದು ಅಂಗಡಿಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ನನ್ನ ಬಾಯಿಂದ 'ನಾನು' ಎಂದು ಬಂದುಬಿಟ್ಟಿತು. ತದಡಿಯ ಹೊಳೆ ದಾಟುವಾಗಲೂ ದೋಣಿಯ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುವವನು ನಾನು. ಆದರೂ ಆ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ.

ಮಿರ್ಜಾನದ ಮನೆಯಲ್ಲಿ ಆಯಿ ಮಾತ್ರ, "ಇಲ್ಲಿ ನಿಂಗೆ ಎಂತ ಕಮ್ಮಿ ಆಜು?" ಎಂದು ಕೇಳಿದಳು. ಏನೂ ಕಮ್ಮಿ ಆಗಿಲ್ಲ, ಅದಕ್ಕೇ ಹೋಗುತ್ತಿದ್ದೇನೆ ಎಂದೆ. ಅವಳು ಉಪ್ಪಿನಕಾಯಿ ಭರಣಿ ತಂದು ಮುಂದಿಟ್ಟಳು. ನಮ್ಮ ಮನೆಯಲ್ಲಿ ಒಪ್ಪಿಗೆ ಸಿಗುವುದು ಹಾಗೆ.

ಹೋದ ಬಂದರು ಖಾಡಿಯ ಒಬ್ಬ ಅರಬ್ಬಿ ದೊರೆಯ, ಶೇಖನ, ಪುಟ್ಟ ರಾಜ್ಯದ್ದು. ಊರಿನ ಹೆಸರು ಬರೆಯಬೇಡಿ ಎಂದು ನಮ್ಮ ತಾಂಡೇಲ ಮಾದೇವ ಖಾರ್ವಿ ಕೈ ಹಿಡಿದು ಕೇಳಿಕೊಂಡಿದ್ದಾನೆ. ತಾಂಡೇಲ ಎಂದರೆ ಹಡಗು ನಡೆಸುವವನು. ಅವನು ಮಳೆಗಾಲ ಕಳೆದ ಮೇಲೆ ಮತ್ತೆ ಅದೇ ಬಂದರಿಗೆ ಹೋಗಬೇಕು. ಹಡಗು, ಹಾಯಿ ಕಟ್ಟುವ ಎರಡು ಕೂವೆಮರಗಳ ಪತ್ತೆಮಾರಿ. ಯಂತ್ರವಿಲ್ಲ, ಹಾಯಿ ಮಾತ್ರ. ಗಾಳಿ ಇದ್ದರೆ ಓಡುತ್ತದೆ, ಇಲ್ಲದಿದ್ದರೆ ಎಲ್ಲರೂ ಮಾದೇವನ ಮುಖ ನೋಡುತ್ತ ಕೂರಬೇಕು.

ಈ ಸಲದ ಖೇಪು, ಅಂದರೆ ಸರಕಿನ ಪಯಣ, ಮಾದೇವನಿಗೆ ಬರೀ ಹಂಚಿನದಾಗಿರಲಿಲ್ಲ. ಹಿಂದಿನ ಖೇಪಿನಲ್ಲಿ ಅವನ ತಮ್ಮ ಸೋಮ ಅದೇ ಬಂದರಿನಲ್ಲಿ ಕೂವೆಮರದಿಂದ ಬಿದ್ದು ತೊಡೆ ಮುರಿದುಕೊಂಡಿದ್ದ. ಅವನನ್ನು ಅಲ್ಲಿಯ ಆಸ್ಪತ್ರೆಯಲ್ಲಿ ಬಿಟ್ಟು ಬರಬೇಕಾಗಿತ್ತು. ಇದು ಮಳೆಗಾಲಕ್ಕೆ ಮೊದಲಿನ ಕೊನೆಯ ಖೇಪು. ಈಗ ಕರೆದುಕೊಂಡು ಬರದಿದ್ದರೆ ಸಮುದ್ರ ಮುಚ್ಚುತ್ತದೆ, ಹುಡುಗ ಇಡೀ ಮಳೆಗಾಲ ಪರದೇಶದಲ್ಲಿ ಒಬ್ಬನೇ ಬಿದ್ದಿರಬೇಕು. ಇದನ್ನು ಹೇಳುವಾಗ ಮಾದೇವ ನನ್ನ ಕಡೆ ನೋಡಲಿಲ್ಲ, ಹಗ್ಗದ ಗಂಟು ನೋಡುತ್ತಿದ್ದ.

ಹೊರಡುವ ಬೆಳಿಗ್ಗೆ ಅವರ ತಾಯಿ ಹೊನ್ನಾವರದ ಪಕ್ಕದ ಕಾಸರಕೋಡದ ದಡಕ್ಕೆ ಒಂದು ಕೊಡ ತಂದಳು. ಮಗ ಬದುಕಿದರೆ ಸಮುದ್ರಕ್ಕೆ ತುಂಬಿದ ಕೊಡ ಕೊಡುತ್ತೇನೆ ಎಂದು ಹರಕೆ ಹೊತ್ತಿದ್ದಳಂತೆ. ಹೊಟ್ಟೆ ದೊಡ್ಡದಾದ ಮಣ್ಣಿನ ಕೊಡ. ಒಳಗೆ ತೆಂಗಿನಕಾಯಿ, ಅರಿಶಿನ, ಕುಂಕುಮ. ಅಷ್ಟು ದೂರ ಒಡೆಯದೆ, ನೀರು ಕುಡಿಯದೆ ಹೋಗಬೇಕಲ್ಲ, ಅದಕ್ಕೆ ಬಾಯಿಗೆ ಮರದ ಮುಚ್ಚಳ ಬಡಿದು, ದೋಣಿಯ ತಳಕ್ಕೆ ಬಳಿಯುವ ಡಾಂಬರನ್ನೇ ಅದಕ್ಕೂ ಬಳಿದಿದ್ದಳು. ಮೇಲೆ ನಾರಿನ ಬಲೆ ಹೆಣೆದಿದ್ದಳು. ಗಂಟು ಗಂಟಿನಲ್ಲೂ ಹಗ್ಗದ ತುದಿ ಡಾಂಬರು ಕುಡಿದು ಸೆಟೆದು ನಿಂತಿತ್ತು. ಇಲ್ಲಿಯೇ ನೀರಿಗೆ ಬಿಡಬಾರದೇ ಎಂದು ನಾನು ಕೇಳಿದೆ. ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅವನ್ನ ಉಳಿಸಿಕೊಟ್ಟದ್ದು ಅಲ್ಲಿಯ ಸಮುದ್ರ, ಒಡೆಯಾ. ಇಲ್ಲಿಯದಕ್ಕೆ ಕೊಟ್ರೆ ಅದಕ್ಕೆಂತ ಗೊತ್ತಾತದೆ?"

ನಡುಗಡಲು

ಹೊಳೆ ಸಮುದ್ರ ಸೇರುವ ಅಳಿವೆ ದಾಟುವವರೆಗೆ ನಾನು ಶೂರ. ಆಮೇಲೆ ಎರಡು ದಿನ ಹೊಟ್ಟೆಯಲ್ಲಿ ನೀರು ಕೂಡ ನಿಲ್ಲಲಿಲ್ಲ. ಮೂರನೆಯ ದಿನ ಎದ್ದು ನೋಡುತ್ತೇನೆ, ಸುತ್ತ ಎಲ್ಲಿಯೂ ನೆಲವಿಲ್ಲ! ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಬಾಯಿ ತುಂಬ ಹಾಡಬೇಕು ಅನ್ನಿಸಿತು. ಹಾಡಿದೆ. ಖಲಾಸಿಗಳು ನನ್ನ ತಲೆ ಕೆಟ್ಟಿತೆಂದು ಮಾದೇವನನ್ನು ಕರೆದರು.

ಆಯಿ ಕೊಟ್ಟ ಉಪ್ಪಿನಕಾಯಿ ಭರಣಿ ಅದೇ ದಿನ ಉರುಳಿ ಒಡೆಯಿತು. ನನ್ನ ಹಾಸಿಗೆ, ಮಾದೇವನ ಹಾಸಿಗೆ, ಒಂದು ಸುರುಳಿ ಹಾಯಿಬಟ್ಟೆ, ಎಲ್ಲಕ್ಕೂ ಮಾವಿನಮಿಡಿಯ ವಾಸನೆ ಹಿಡಿಯಿತು. ಖಲಾಸಿಗಳು ಬೈಯಲಿಲ್ಲ. ಹಾಯಿಬಟ್ಟೆಗೆ ಅಂಟಿದ ಮಿಡಿಗಳನ್ನು ಹೆಕ್ಕಿ ಗಂಜಿಗೆ ನೆಂಚಿಕೊಂಡರು. ಇನ್ನೊಂದು ದಿನ ನಾನು ಸಂಧ್ಯಾವಂದನೆಗೆ ಕೂತಾಗ ಹಾರುಮೀನೊಂದು ನೀರಿನಿಂದ ಎದ್ದು ಬಂದು ನೇರ ನನ್ನ ಮಡಿಲಿಗೆ ಬಿತ್ತು. ಅಷ್ಟೂ ಜನ ಒಮ್ಮೆಲೇ ಬೇರೆ ದಿಕ್ಕು ನೋಡಿದರು. ಮೀನನ್ನು ನಾನೇ ಬಾಲ ಹಿಡಿದು ನೀರಿಗೆ ಹಾಕಿದೆ, ಮಂತ್ರವನ್ನು ಮೊದಲಿನಿಂದ ಹೇಳಿದೆ. ಆ ಸಂಗತಿಯನ್ನು ಕುಮಟೆಯಲ್ಲಿ ಹೇಳುವುದಿಲ್ಲ ಎಂದು ಅವರೆಲ್ಲ ಮಾತು ಕೊಟ್ಟರು. ಈಗ ನಾನೇ ಬರೆದು ಹೇಳುತ್ತಿದ್ದೇನೆ.

ಸಂಜೆ ಹೊತ್ತಿಗೆ ಅವರು ನನ್ನ ಹತ್ತಿರ ಪೇಪರಿನ ಸುದ್ದಿ ಕೇಳುವರು. ಕುಮಟೆಯ ಹೋಟೆಲಿನಲ್ಲಿ ಕೇಳಿ ಕೇಳಿ ಬಂದದ್ದನ್ನು ನಾನು ದೊಡ್ಡ ಪಂಡಿತನ ಹಾಗೆ ಹೇಳಿದೆ. ರಷ್ಯಾದ ಹೆದರಿಕೆಗೆ ಪಶ್ಚಿಮದ ದೊಡ್ಡ ದೇಶವೂ ನಮ್ಮ ಆಚೀಚೆಯ ಕೆಲವು ದೇಶಗಳೂ ಸೇರಿ ಒಂದು ಸೇನಾಕೂಟ ಮಾಡಿಕೊಂಡಿವೆ. ಒಬ್ಬನ ಮೇಲೆ ಯಾರಾದರೂ ಬಿದ್ದರೆ ಉಳಿದವರು ಬರಬೇಕು. ನಮ್ಮ ದೇಶ ಆ ಕೂಟದಲ್ಲೂ ಇಲ್ಲ, ಎದುರಿನ ಕೂಟದಲ್ಲೂ ಇಲ್ಲ. ಹಾಗಾದರೆ ನಮ್ಮ ಮೇಲೆ ಬಿದ್ದರೆ ಯಾರು ಬರುತ್ತಾರೆ ಎಂದು ಒಬ್ಬ ಕೇಳಿದ. ರಾತ್ರಿಗೆ ಗಂಜಿಯೋ ಅನ್ನವೋ ಎಂದು ನಾನು ಮಾತು ತಿರುಗಿಸಿದೆ.

ಬಂದರಿನ ಹೊರಗೆ

ನೆಲ ಕಂಡಿತು ಎಂದು ಮೇಲಿನಿಂದ ಒಬ್ಬ ಕೂಗಿದಾಗ ನಾನು ಅನ್ನದ ತಟ್ಟೆ ಬಿಟ್ಟು ಓಡಿದೆ. ನೆಲವೇನೋ ಇತ್ತು, ಒಣಗಿದ ಕಂದು ಗುಡ್ಡ, ಒಂದು ಮರವಿಲ್ಲ. ಆದರೆ ಅದರ ಮುಂದೆ ಇದ್ದದ್ದನ್ನು ನೋಡಿ ಎಂಜಲು ಕೈ ಹಾಗೇ ಉಳಿಯಿತು. ಬೂದು ಬಣ್ಣದ ಯುದ್ಧನೌಕೆಗಳು! ಒಂದಲ್ಲ, ಎರಡಲ್ಲ, ಸಾಲುಸಾಲು. ಒಂದೊಂದರ ಮೇಲೆ ಒಂದೊಂದು ದೇಶದ ಬಾವುಟ. ಅಷ್ಟು ದಿನ ಪೇಪರಿನಲ್ಲಿ ಓದಿದ ಕೂಟ ಕಣ್ಣೆದುರು ನಿಂತಿತ್ತು. ಅವುಗಳ ನಡುವೆ ಆ ಶೇಖನ ಬಂದರು ಪಹರೆಯ ಮೂರು ಪುಟ್ಟ ದೋಣಿಗಳು ಹೊಸ ಬಣ್ಣ ಬಳಿದುಕೊಂಡು ಓಡಾಡುತ್ತಿದ್ದವು. ಅಷ್ಟು ದೊಡ್ಡ ಲೋಕವನ್ನು ನಮ್ಮ ಹೊನ್ನಾವರದ ಬಂದರಿನಲ್ಲಿ ತಂದು ನಿಲ್ಲಿಸಿದರೆ ಶರಾವತಿಯಲ್ಲಿ ನೀರಿಗೆ ಜಾಗ ಇರುತ್ತಿರಲಿಲ್ಲ.

ನಾನು ಬಾಯಿಬಿಟ್ಟು ನೋಡುತ್ತಿದ್ದಾಗ ಹಿಂದೆ ಮಾದೇವ ತನ್ನ ಕೆಲಸ ಮಾಡುತ್ತಿದ್ದ. ನೆಲ ಕಂಡ ಕೂಡಲೇ ಕೊಡವನ್ನು ನೀರಿಗೆ ಬಿಡಬೇಕೆಂದು ತಾಯಿ ಹೇಳಿ ಕಳಿಸಿದ್ದಳು. ಎಲ್ಲರೂ ಕೈಮುಗಿದರು, ಅವನು ಕೊಡವನ್ನು ಮೆಲ್ಲಗೆ ನೀರಿಗೆ ಇಳಿಸಿದ. ಅದು ಅರ್ಧ ಮುಳುಗಿ, ಕಪ್ಪಗೆ, ಮೈತುಂಬ ಮುಳ್ಳು ಎಬ್ಬಿಸಿಕೊಂಡು, ಹರಿವಿನ ಜೊತೆ ಬಂದರಿನ ಬಾಯಿಯ ಕಡೆ ಹೊರಟಿತು. ಆ ನೌಕೆಗಳು ಅಲ್ಲಿ ಸೇರಿದ್ದು ನೀರಿನಲ್ಲಿ ತೇಲುವ, ಅದೇ ಥರ ಕಪ್ಪಗೆ ಮುಳ್ಳುಮುಳ್ಳಾಗಿರುವ ಸಿಡಿಗುಂಡುಗಳನ್ನು ಹುಡುಕಿ ತೆಗೆಯುವ ಅಭ್ಯಾಸಕ್ಕೆ ಎಂದು ನಮಗೆ ಯಾರು ಹೇಳಬೇಕು?

ಮೊದಲು ಒಂದು ನೌಕೆ ಕೂಗಿತು. ಆಮೇಲೆ ಎಲ್ಲವೂ ಕೂಗಿದವು. ದೀಪಗಳು ಮಿಟುಕಿದವು, ಬಾವುಟಗಳು ಏರಿ ಇಳಿದವು, ಪಹರೆಯ ದೋಣಿಗಳು ದಡದ ಕಡೆ ತಿರುಗಿ ಓಡಿದವು. ಏನೋ ಹಬ್ಬವಿರಬೇಕೆಂದು ನಾನು ಟವಲು ಬೀಸಿದೆ. ಅಷ್ಟರಲ್ಲಿ ಒಂದು ನೌಕೆಯ ಕಡೆಯಿಂದ ಯಂತ್ರದೋಣಿ ನಮ್ಮ ಪಕ್ಕಕ್ಕೆ ಬಂದು ನಿಂತಿತು. ಅದರಲ್ಲಿ ಬಂದೂಕು ಹಿಡಿದ ನಾಲ್ಕು ಜನ, ಬಿಸಿಲಿಗೆ ಮೂಗು ಸುಲಿದ ಒಬ್ಬ ಎಳೆ ಲೆಫ್ಟಿನೆಂಟ್, ಜೊತೆಗೆ ಬಿಳಿ ಟೊಪ್ಪಿಯ ಒಬ್ಬ ದುಭಾಷಿ. ದುಭಾಷಿ ಮಾದೇವನನ್ನು ನೋಡಿದವನೇ ಕೊಂಕಣಿಗೆ ಹತ್ತಿರದ ನವಾಯತಿ ಮಾತಿನಲ್ಲಿ ಏನೋ ಬೈದ. ಮಾದೇವ ಕೊಂಕಣಿಯಲ್ಲಿ ಬೈಗುಳ ತಿರುಗಿಸಿದ. ಇಬ್ಬರಿಗೂ ಪೂರ್ತಿ ತಿಳಿಯಿತು. ಆ ದುಭಾಷಿ ಭಟ್ಕಳದ ಇಸ್ಮಾಯಿಲ್ ಸಾಹೇಬರು, ಆ ಬಂದರಿನ ಪಹರೆಯಲ್ಲಿ ನೌಕರಿ. ಆಸ್ಪತ್ರೆ ಬಿಟ್ಟ ಮೇಲೆ ಸೋಮನನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಅನ್ನ ಹಾಕುತ್ತಿದ್ದವರೂ ಅವರೇ.

ಲೆಫ್ಟಿನೆಂಟ್ ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದ, ನೀವು ಯಾವ ಕಡೆಯವರು ಎಂದು. ಯಾವ ಕಡೆಯೂ ಅಲ್ಲ ಎಂದು ನಾನು ಎದೆ ಉಬ್ಬಿಸಿ ಹೇಳಿದೆ. ಹೋಟೆಲಿನಲ್ಲಿ ಆ ಮಾತಿಗೆ ಚಪ್ಪಾಳೆ ಬೀಳುತ್ತದೆ, ಇಲ್ಲಿ ಬೀಳಲಿಲ್ಲ. ಮೊನ್ನೆ ಗೋವೆ ತೆಗೆದುಕೊಂಡವರು ನೀವೇ ಅಲ್ಲವೇ ಎಂದ. ಗೋವೆಗೆ ಹಂಚು ಕಳಿಸಿ ಗೊತ್ತು, ತೆಗೆದುಕೊಂಡು ಗೊತ್ತಿಲ್ಲ ಎಂದೆ. ಅವನು ನಗಲಿಲ್ಲ, ನೀರಿನಲ್ಲಿ ದೂರ ಹೋಗುತ್ತಿದ್ದ ಕೊಡ ತೋರಿಸಿ, ಅದು ನಿಮ್ಮದೇ ಎಂದು ಕೇಳಿದ.

ಕೊಡ ನೀರಿಗೆ ಬಿಟ್ಟದ್ದನ್ನು ಅವರು ಕಂಡಿರಲಿಲ್ಲ. ಇಲ್ಲ ಎಂದರೆ ಮುಗಿಯಿತು, ಅದು ಎಲ್ಲಿಂದಲೋ ತೇಲಿ ಬಂದದ್ದಾಗುತ್ತದೆ, ನಾವು ಬಂದರಿನೊಳಗೆ ಹೋಗುತ್ತೇವೆ. ಇಸ್ಮಾಯಿಲ್ ಸಾಹೇಬರೂ ಕಣ್ಣಿನಲ್ಲೇ ಇಲ್ಲ ಎನ್ನಿ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾದೇವ ನನ್ನ ತೋಳು ಹಿಡಿದ.

"ನಮ್ದೇ ಅನ್ನಿ, ಒಡೆಯಾ. ಇಲ್ಲ ಅಂದ್ರೆ ಹರಕೆ ಸಲ್ಲೂದಿಲ್ಲ."

ತಮ್ಮನನ್ನು ಕರೆದುಕೊಂಡು ಹೋಗುವುದು ಬೇಡವೇ ಎಂದು ನಾನು ಪಿಸುಗುಟ್ಟಿದೆ. ಅದಕ್ಕೇ ಹೇಳುತ್ತಿದ್ದೇನೆ ಎಂದ. ಅವನ ಹಿಡಿತ ಸಡಿಲಾಗಲಿಲ್ಲ. ನನಗೆ ಸಿಟ್ಟು ಬಂತು, ಅಳುವೂ ಬಂತು. ನಮ್ಮದೇ ಎಂದೆ. ಒಳಗೆ ತೆಂಗಿನಕಾಯಿ ಇದೆ ಎಂದೂ ಹೇಳಿದೆ. ಆ ಎಳೆ ಲೆಫ್ಟಿನೆಂಟ್ ಅದನ್ನು ನಂಬುವ ಸ್ಥಿತಿಯಲ್ಲಿರಲಿಲ್ಲ.

ಸಿಡಿಗುಂಡು ಸಿಕ್ಕರೆ ದೂರದಿಂದ ಬಂದೂಕಿನಲ್ಲಿ ಹೊಡೆಯುವುದು ಅವರ ಕ್ರಮವಂತೆ. ಹೊಡೆದರು. ಮೊದಲ ಗುಂಡು ತಪ್ಪಿತು, ಎರಡನೆಯದೂ ತಪ್ಪಿತು. ಆಮೇಲೆ ಎಲ್ಲ ನೌಕೆಯವರೂ ಸೇರಿ ಹೊಡೆದರು. ಕೊಡ ಚೂರುಚೂರಾಯಿತು, ಹೋಳಾದ ತೆಂಗಿನಕಾಯಿಗಳು ಸುತ್ತ ಎದ್ದು ತೇಲಿದವು, ನೀರಿನ ಮೇಲೆ ಕುಂಕುಮ ಕೆಂಪಗೆ ಹರಡಿತು. ನೌಕೆಗಳ ಮೇಲಿದ್ದ ಸೈನಿಕರು ದುರ್ಬೀನು ಇಳಿಸಿ ಒಬ್ಬರನ್ನೊಬ್ಬರು ನೋಡಿದರು. ನಮ್ಮ ಖಲಾಸಿಗಳು ಕುಣಿದುಬಿಟ್ಟರು. ಇಷ್ಟು ದೇಶಗಳು ಒಟ್ಟಾಗಿ ಬಂದೂಕು ಹಾರಿಸಿ ಒಬ್ಬ ಮುದುಕಿಯ ಹರಕೆಯ ಕಾಯಿ ಒಡೆದುಕೊಟ್ಟದ್ದು ಬೇರೆ ಎಲ್ಲಾದರೂ ಉಂಟೇ? ಮಾದೇವ ಕಣ್ಣು ಒರೆಸಿಕೊಂಡು, ಆತು, ಸಂದಿತು ಎಂದ.

ಆದರೆ ನಮ್ಮನ್ನು ಒಳಗೆ ಬಿಡಲಿಲ್ಲ. ಅಭ್ಯಾಸದ ನೀರಿಗೆ ಏನನ್ನಾದರೂ ಎಸೆದ ಹಡಗನ್ನು ಅಭ್ಯಾಸ ಮುಗಿಯುವ ತನಕ ಹೊರಗೇ ನಿಲ್ಲಿಸಬೇಕೆಂದು ನಿಯಮವಿತ್ತು. ಮುಗಿಯುವುದು ಯಾವಾಗ ಎಂದರೆ ಅದು ಗುಟ್ಟು. ದಡದಿಂದ ಯಾವ ದೋಣಿಯೂ ನಮ್ಮ ಹತ್ತಿರ ಬರಬಾರದು, ಸೋಮನನ್ನು ಕರೆತರುವುದಂತೂ ಆಗದ ಮಾತು.

ಕಪ್ತಾನನ ಕಾಫಿ

ಲಂಗರು ಹಾಕಿ ದಿನಗಳು ಹೋದವು. ಮಾದೇವ ಬೆಳಿಗ್ಗೆ ಎದ್ದರೆ ಗಾಳಿಯ ದಿಕ್ಕು ನೋಡುವನು. ಇನ್ನು ತಡವಾದರೆ ಕಾಸರಕೋಡದ ಅಳಿವೆ ಮುಚ್ಚುತ್ತದೆ, ತಮ್ಮನಿಲ್ಲದೆ ಹಾಯಿ ತಿರುಗಿಸಬೇಕು. ಕೂವೆಮರಕ್ಕೆ ಒರಗಿ ಆ ಕಂದು ಗುಡ್ಡ ನೋಡುತ್ತ ಕೂರುವನು.

ನಾನು ಪಹರೆಯ ದೋಣಿ ಬಂದಾಗೆಲ್ಲ ಜಗಳ ಮಾಡಿದೆ. ಅವರು, ನಮ್ಮ ಶೇಖರು ಆ ಕೂಟದಲ್ಲಿ ಇಲ್ಲ, ಕರೆದರು ಅಂತ ಬಂದಿದ್ದೇವೆ, ಅಭ್ಯಾಸ ಅವರದು, ಅವರನ್ನೇ ಕೇಳಿ ಎಂದರು. ಲೆಫ್ಟಿನೆಂಟನನ್ನು ಕೇಳಿದರೆ, ಬಂದರು ಶೇಖನದು, ನಾವು ಅತಿಥಿಗಳು, ಅವರನ್ನೇ ಕೇಳಿ ಎಂದ. ಮದುವೆ ಮನೆಯಲ್ಲಿ ಅನ್ನ ಕಡಿಮೆ ಬಿದ್ದಾಗ ಗಂಡಿನ ಕಡೆಯವರು ಹೆಣ್ಣಿನ ಕಡೆಯವರನ್ನು ತೋರಿಸುವುದು, ಅವರು ಇವರನ್ನು ತೋರಿಸುವುದು, ಇಷ್ಟೇ ವಿಷಯ. ಭದ್ರತೆ ಎಲ್ಲರದೂ ಆಗಿತ್ತು, ಹೌದು ಅನ್ನುವ ಅಧಿಕಾರ ಮಾತ್ರ ಯಾರದೂ ಆಗಿರಲಿಲ್ಲ.

ಕೊನೆಗೆ ಇಸ್ಮಾಯಿಲ್ ಸಾಹೇಬರು, ಸರಕಿನ ಯಜಮಾನನ ವಿಚಾರಣೆ ಎಂದು ನೆಪ ಹೇಳಿ ನನ್ನೊಬ್ಬನನ್ನು ದಡಕ್ಕೆ ಕರೆದೊಯ್ದರು. ಪರದೇಶದ ನೆಲದ ಮೇಲೆ ಕಾಲಿಟ್ಟೆ! ಮಾಡಿದ ಮೊದಲ ಕೆಲಸ ಎಡವಿ ಬಿದ್ದದ್ದು. ಅಷ್ಟು ದಿನ ತೂಗಾಡಿದ ಕಾಲಿಗೆ ಅಲುಗದ ನೆಲ ಒಗ್ಗಲಿಲ್ಲ. ಬಂದರಿನ ಪಹರೆಯ ಕಪ್ತಾನನೇ ಬಂದು ಎಬ್ಬಿಸಿದ. ಬಿಳಿ ನಿಲುವಂಗಿಯ ಮೇಲೆ ಸೈನಿಕರ ಬೆಲ್ಟು ಕಟ್ಟಿದ್ದ, ಮುಖದ ತುಂಬ ನಗು. ಆ ಮೂರು ದೋಣಿಗಳು ಅವನ ಪ್ರಾಣ.

ಅವನು ನನ್ನನ್ನು ಕೂರಿಸಿ ಕಾಫಿ ಕೊಡಿಸಿದ. ಹಿಡಿಯಿಲ್ಲದ ಪುಟ್ಟ ಬಟ್ಟಲು, ಹಾಲಿಲ್ಲ, ಸಕ್ಕರೆಯಿಲ್ಲ, ಬರೀ ಕಹಿ ಮತ್ತು ಏಲಕ್ಕಿ. ಏಲಕ್ಕಿ ನಮ್ಮ ಕಡೆಯದಾಗಿರಬೇಕು ಎಂಬ ಪ್ರೀತಿಗೆ ಒಂದೇ ಗುಟುಕಿಗೆ ಕುಡಿದೆ. ಕೂಡಲೇ ಮತ್ತೆ ತುಂಬಿಸಿದರು. ಬಿಟ್ಟರೆ ಅವಮಾನವಾದೀತೆಂದು ಮತ್ತೆ ಕುಡಿದೆ. ಮತ್ತೆ ತುಂಬಿತು. ನಮ್ಮಲ್ಲಿ ಬಾಳೆಯೆಲೆಯ ಮೇಲೆ ಕೈ ಅಡ್ಡ ಹಿಡಿದರೆ ಬಡಿಸುವವನು ಮುಂದೆ ಹೋಗುತ್ತಾನೆ. ಇಲ್ಲಿ ಬಟ್ಟಲಿನ ಮೇಲೆ ಕೈ ಹಿಡಿದೆ, ಕಾಫಿ ಕೈಮೇಲೇ ಬಿತ್ತು. ಬೇಡವಾದರೆ ಬಟ್ಟಲನ್ನು ಅಲ್ಲಾಡಿಸಿ ಕೊಡಬೇಕು ಎಂದು ಇಸ್ಮಾಯಿಲ್ ಸಾಹೇಬರು ಹೇಳುವಷ್ಟರಲ್ಲಿ ನನ್ನ ತಲೆ ಗಿರ್ರೆನ್ನುತ್ತಿತ್ತು. ಅಷ್ಟು ಕಾಫಿ ಇಳಿದವನಿಗೆ ಮಾತು ನಿಲ್ಲುತ್ತದೆಯೇ? ಕಪ್ತಾನ ನಿಮ್ಮ ಊರಿನ ಮೀನುಗಾರಿಕೆ ಹೇಗೆ ಎಂದು ಕೇಳಿದ್ದೇ ತಡ, ನಾನು ಕಾಸರಕೋಡದ ರಂಪಣಿ ಬಲೆಯ ಕಥೆ ತೆಗೆದೆ.

ರಂಪಣಿ ಎಂದರೆ ಮೈಲುದ್ದದ ಬಲೆ. ಸಮುದ್ರದಲ್ಲಿ ಸುತ್ತು ಹಾಕಿ ಎರಡೂ ತುದಿಯ ಹಗ್ಗವನ್ನು ದಡಕ್ಕೆ ತರುತ್ತಾರೆ. ಎಳೆಯಲು ಅರ್ಧ ಊರು ಬೇಕು. ಬಲೆಯಲ್ಲಿ ಪಾಲಿದ್ದವರು ಕೆಲವೇ ಜನ. ಆದರೆ ದಾರಿಯಲ್ಲಿ ಹೋಗುತ್ತಿದ್ದವನು ಹಗ್ಗಕ್ಕೆ ಕೈ ಹಾಕಿದರೂ ಅವನಿಗೆ ಮೀನು ಕೊಡದೆ ಕಳಿಸುವುದಿಲ್ಲ. ಕೊಡದಿದ್ದರೆ ಅವನು ನಿಂತು ಕೇಳುತ್ತಾನೆ, ಕೇಳುವುದರಲ್ಲಿ ನಾಚಿಕೆಯಿಲ್ಲ. ನಾನೂ ಒಮ್ಮೆ ಹುಮ್ಮಸ್ಸಿಗೆ ಎಳೆದು, ಪಾಲಿಗೆ ಬಂದ ಬಂಗಡೆ ಮೀನುಗಳನ್ನು ಮನೆಗೂ ಒಯ್ಯಲಾಗದೆ ಬೇಡವೆನ್ನಲೂ ಬಾರದೆ ನಿಂತಿದ್ದೆ. ಇದನ್ನು ನಗಿಸಲಿಕ್ಕೆ ಹೇಳಿದೆ. ಇಸ್ಮಾಯಿಲ್ ಸಾಹೇಬರು ಅರಬ್ಬಿಗೆ ತಿರುಗಿಸಿದರು.

ಕಪ್ತಾನ ನಗಲಿಲ್ಲ. ಪಾಲಿಲ್ಲದವನು ಕೇಳುತ್ತಾನೆಯೇ, ಬಲೆಯವರು ಕೊಡುತ್ತಾರೆಯೇ ಎಂದು ಎರಡು ಸಲ ಕೇಳಿದ. ಕೊಡದಿದ್ದರೆ ಮರುದಿನ ಯಾರೂ ಹಗ್ಗ ಹಿಡಿಯುವುದಿಲ್ಲ ಎಂದೆ. ಅವನು ಕಿಟಕಿಯಿಂದ ತನ್ನ ದೋಣಿಗಳನ್ನು ನೋಡಿದ, ಆಚೆಯ ಬೂದು ನೌಕೆಗಳನ್ನು ನೋಡಿದ. ಆಮೇಲೆ ಬೆಲ್ಟು ಬಿಗಿದುಕೊಂಡು ಎದ್ದ.

ನಾವು ಮೂವರೂ ಅವನ ದೋಣಿಯಲ್ಲಿ ಲೆಫ್ಟಿನೆಂಟನ ನೌಕೆಯ ಪಕ್ಕಕ್ಕೆ ಹೋದೆವು. ಕಪ್ತಾನ ಮೇಲೆ ಹತ್ತಲಿಲ್ಲ. ಕೆಳಗಿನಿಂದಲೇ, ತನಗೆ ಬಂದಷ್ಟು ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಬಲೆ ನಿಮ್ಮದು. ಹಗ್ಗ ನಾನೂ ಎಳೆದಿದ್ದೇನೆ. ಇಷ್ಟು ದಿನ ಏನೂ ಕೇಳಲಿಲ್ಲ. ಆ ಹಡಗು ನನ್ನ ಪಾಲು."

ಲೆಫ್ಟಿನೆಂಟ್ ತಬ್ಬಿಬ್ಬಾದ. ನನ್ನ ಕಡೆ ನೋಡಿದ, ನಾನು ಗಂಭೀರವಾಗಿ ತಲೆಯಾಡಿಸಿದೆ. ಅವನು ಒಳಗೆ ಹೋದ, ಅವನ ನೌಕೆಯಿಂದ ದೊಡ್ಡ ನೌಕೆಗೆ ದೀಪ ಮಿಟುಕಿತು. ಉತ್ತರ ಬರಲಿಲ್ಲ. ಕಪ್ತಾನ ಮೀಸೆ ತಿರುವುತ್ತ ನಿಂತಿದ್ದ, ಮೇಲೆ ಹತ್ತಿ ಎಂದು ಕರೆದರೂ ಅಲುಗಲಿಲ್ಲ. ನಾನು ಮಹಾಬಲೇಶ್ವರನನ್ನೂ ಇಡಗುಂಜಿ ಗಣಪತಿಯನ್ನೂ ನೆನೆದೆ, ಇಸ್ಮಾಯಿಲ್ ಸಾಹೇಬರ ತುಟಿಯೂ ಅಲುಗುತ್ತಿತ್ತು. ಆಗ ದೊಡ್ಡ ನೌಕೆಯ ದೀಪ ಮಿಟುಕಿತು. ಒಳಗೆ ಹೋಗಬಹುದು, ಸೂರ್ಯ ಮುಳುಗುವುದರೊಳಗೆ ಸರಕು ಇಳಿಸಿ ಹೊರಗೆ ಬರಬೇಕು. ನಾನು ಕಪ್ತಾನನನ್ನು ಅಪ್ಪಿಕೊಂಡುಬಿಟ್ಟೆ. ಅವನೂ ನಮ್ಮ ದೇಶದ ಪದ್ಧತಿ ಇರಬೇಕೆಂದು ಬಿಗಿಯಾಗಿ ಅಪ್ಪಿಕೊಂಡ.

ಬಂದರಿನ ಒಳಗೆ

ಕಪ್ತಾನನ ದೋಣಿ ಮುಂದೆ, ಹಾಯಿ ಬಿಚ್ಚಿದ ನಮ್ಮ ಪತ್ತೆಮಾರಿ ಹಿಂದೆ. ಎರಡೂ ಕಡೆ ಯುದ್ಧನೌಕೆಗಳ ಗೋಡೆ. ಅಷ್ಟು ಎತ್ತರದಿಂದ ಸೈನಿಕರು ಬಗ್ಗಿ ನೋಡಿ ಕೈ ಬೀಸಿದರು. ಒಬ್ಬ ತೆಂಗಿನಕಾಯಿ ಇದೆಯೇ ಎಂದು ಕೈಸನ್ನೆ ಮಾಡಿದ, ನಮ್ಮವನೊಬ್ಬ ಅಡಿಗೆಯ ಕಾಯಿಯನ್ನೇ ಎಸೆದ, ಅವನು ಅದನ್ನು ಹಿಡಿದ ರೀತಿಗೆ ಎಲ್ಲ ನೌಕೆಗಳಲ್ಲೂ ಗದ್ದಲವೆದ್ದಿತು. ನಾನು ಹುಟ್ಟಿದ ಮೇಲೆ ಅಷ್ಟು ಖುಷಿಪಟ್ಟ ಇನ್ನೊಂದು ದಿನವಿಲ್ಲ.

ಹಡಗು ಕಟ್ಟುವ ಧಕ್ಕೆಯ ಮೇಲೆ ಸೋಮ ನಿಂತಿದ್ದ. ಇಪ್ಪತ್ತರ ಆಸುಪಾಸಿನ ಹುಡುಗ, ಕಂಕುಳಿಗೆ ಕೋಲು, ಮುರಿದ ಕಾಲು ಕೂಡಿಕೊಂಡರೂ ಮೋಟಾಗಿತ್ತು. ಮಾದೇವ ಜಿಗಿದು ಹೋಗಿ ಅವನ ಮುಖ, ತೋಳು, ಬೆನ್ನು ಮುಟ್ಟಿ ಮುಟ್ಟಿ ನೋಡಿದ. ತೊಡೆ ಮಾತ್ರ ಮುಟ್ಟಲಿಲ್ಲ. ಮಾತಾಡಲಿಕ್ಕೆ ಹೊತ್ತಿರಲಿಲ್ಲ. ನಾನು, ಇಸ್ಮಾಯಿಲ್ ಸಾಹೇಬರು, ಪಹರೆಯವರು, ಎಲ್ಲರೂ ಸಾಲು ನಿಂತು ಕೈಯಿಂದ ಕೈಗೆ ಹಂಚು ದಾಟಿಸಿದೆವು. ದಲಾಲಿಯಾಗಿ ಇಷ್ಟು ವರ್ಷವಾದರೂ ಹಂಚು ಇಷ್ಟು ಭಾರ ಎಂದು ನನಗೆ ಗೊತ್ತಿರಲಿಲ್ಲ.

ಹಾಯಿ

ಹೊರಡುವಾಗ ಬಿಸಿಲು ಕೆಳಗಿಳಿದಿತ್ತು. ಸೋಮನನ್ನು ನಾಲ್ಕು ಜನ ಎತ್ತಿ ಹಡಗಿಗೆ ಹತ್ತಿಸಿದರು. ಅವನು ಯಾರ ಮುಖವನ್ನೂ ನೋಡದೆ ಹಿಂದಿನ ಮೂಲೆಗೆ ಹೋಗಿ, ಕೋಲು ಪಕ್ಕಕ್ಕಿಟ್ಟು, ಸರಕಿನ ಹಾಗೆ ಕೂತ. ಊರಿಗೆ ಹೋಗುವ ಹುಡುಗನ ಮುಖವಾಗಿರಲಿಲ್ಲ ಅದು. ನಾನು ಕಿತ್ತಳೆ ಹಣ್ಣು ಕೊಟ್ಟೆ, ಮುಟ್ಟಲಿಲ್ಲ. ಮಾದೇವ ಅವನೆದುರು ಬಂದು ಕುಕ್ಕರಗಾಲಿನಲ್ಲಿ ಕೂತ.

"ನಾ ಇನ್ನು ಹಡಗಿಗೆ ಎಂತಕ್ಕೆ ಬತ್ತೆ, ಅಣ್ಣಾ," ಎಂದ ಸೋಮ. "ದಡದ ಮೇಲೆ ಕೂರೂಕೆ ಕರ್ಕಂಡು ಹೋಗುದಾರೆ ಇಲ್ಲೇ ಬಿಡು."

ಇಷ್ಟು ದಿನ ನಾವು ಅವನು ಸಿಗುತ್ತಾನೋ ಇಲ್ಲವೋ ಎಂದು ಹೆದರಿದ್ದೆವು, ಅವನು ಹೆದರಿದ್ದು ಸಿಕ್ಕ ಮೇಲಿನದಕ್ಕೆ. ಮಾದೇವ ಎದ್ದು ಹೋಗಿ ಹಾಯಿಯ ಹಗ್ಗದ ತುದಿ ತಂದು ತಮ್ಮನ ಮಡಿಲಿಗೆ ಹಾಕಿದ. ಅವನ ದನಿಯಲ್ಲಿ ಬೈಗುಳವಿತ್ತು.

"ಹಾಯಿ ಎತ್ತೂಕೆ ಕೈ ಬೇಕು, ಕಾಲಲ್ಲ. ಎಳಿ."

ಹುಡುಗ ಹಗ್ಗ ನೋಡಿದ. ಆಮೇಲೆ ಒಳ್ಳೆಯ ಕಾಲನ್ನು ಹಲಗೆಗೆ ಒತ್ತಿ, ಬೆನ್ನು ಹಿಂದೆ ಚಾಚಿ ಎಳೆದ. ಹಾಯಿಯ ಮರ ಕಿರುಗುಟ್ಟಿ ಒಂದು ಮೊಳ ಮೇಲೆ ಹೋಯಿತು. ಖಲಾಸಿಗಳು ಹಿಡಿಯಲು ಬಂದರೆ ಮಾದೇವ ಕೈ ಅಡ್ಡ ಇಟ್ಟು ತಡೆದ. ಸೋಮ ಮತ್ತೆ ಎಳೆದ, ಹಲ್ಲು ಕಚ್ಚಿ, ಇನ್ನೊಂದು ಮೊಳ. ಆಗ ಅವನೇ ತಲೆಯೆತ್ತಿ, ನೋಡುತ್ತ ನಿಂತಿದ್ದ ನಮ್ಮನ್ನೆಲ್ಲ ಕೈ ಹಾಕಿ ಎಂದು ಬೈದ. ನಾವು ಹಾಕಿದೆವು.